ಲಗ್ನಪತ್ರಿಕೆಗೆ ಇಂಗ್ಲಿಷ್ ಸ್ಕ್ರಿಪ್ಟ್ ಫಾಂಟ್ ಹಾಕೋದು ಹೇಗೆ: ಮೊದ್ಲು ಪ್ರೆಸ್ಸು, ಆಮೇಲೆ ಫಾಂಟು

ಮದುವೆ ಸೀಸನ್ ಶುರುವಾಯ್ತು ಅಂದ್ರೆ ಚಿಕ್ಕಬಳ್ಳಾಪುರದ ಡಿಟಿಪಿ ಅಂಗಡಿಗಳಲ್ಲಿ ದಿನಾ ಕೇಳೋ ಮಾತು ಒಂದಿದೆ, "ಮಿಕ್ಕಿದ್ದೆಲ್ಲಾ ಕನ್ನಡದಲ್ಲೇ ಇರ್ಲಿ ಅಣ್ಣ, ಹುಡುಗ ಹುಡುಗಿ ಹೆಸ್ರು ಮಾತ್ರ ಆ ಬಳ್ಳಿ ಥರ ಇರೋ ಇಂಗ್ಲಿಷ್ ಅಕ್ಷರದಲ್ಲಿ ಹಾಕ್ಬಿಡಿ". ಅಂತ ಹೇಳಿ ಮೊಬೈಲ್‌ನಲ್ಲಿ ಇಂಥ ಸ್ಕ್ರಿಪ್ಟ್ ಫಾಂಟ್, ಅಂದ್ರೆ ಕೈಬರಹದ ಥರದ ಅಕ್ಷರ, ಇರೋ ಒಂದು ಫೋಟೋ ತೋರಿಸ್ತಾರೆ. ಅದರಲ್ಲಿ ದಪ್ಪ ಬಿಳಿ ಕಾಗದ, ಎರಡೇ ಎರಡು ಹೆಸರು, ಸುತ್ತ ಬೇಕಾದಷ್ಟು ಖಾಲಿ ಜಾಗ, ಬಂಗಾರದ ಫಾಯಿಲ್. ನಮ್ಮ ಪತ್ರಿಕೆ ಕಥೆನೇ ಬೇರೆ, ಕುಲದೇವರ ಹೆಸರಿಂದ ಹಿಡಿದು ಸೋದರಮಾವನ ಫೋನ್ ನಂಬರ್ ತನಕ ಎಲ್ಲಾ ಇರಬೇಕು, ಕಾಗದ ಅಂದ್ರೆ ಹೋಲ್‌ಸೇಲ್‌ನಲ್ಲಿ ತಂದಿಟ್ಟಿರೋ ರೆಡಿಮೇಡ್ ಕಾರ್ಡು, ಪ್ರಿಂಟ್ ಅಂದ್ರೆ ಜಾಲರಿ ಬಟ್ಟೆ ಮೂಲಕ ಇಂಕು ಒತ್ತೋ ಸ್ಕ್ರೀನ್ ಪ್ರಿಂಟು. ಫಾಂಟ್ ಅದನ್ನೇ ಹಾಕಿದ್ರೂ ಕೊನೆಗೆ ಅಕ್ಷರದ ತೆಳು ಗೆರೆ ಅಲ್ಲಲ್ಲಿ ಮಾಯ, ದಪ್ಪ ಗೆರೆ ಮಾತ್ರ ತುಂಡು ತುಂಡಾಗಿ ನಿಂತಿರತ್ತೆ.

ಇದಕ್ಕೆ ಫಾಂಟ್‌ನ ಬೈಯ್ಯೋದ್ರಲ್ಲಿ ಅರ್ಥ ಇಲ್ಲ. ಎಲ್ರೂ ಫಾಂಟ್ ಲಿಸ್ಟ್ ತೆಗೆದು ಚೆನ್ನಾಗಿರೋದನ್ನ ಆರಿಸ್ಕೊಂಡು ಕೊನೆಗೆ ಪ್ರೆಸ್‌ಗೆ ಕಳಿಸ್ತಾರೆ, ನಾನು ಹೇಳೋದು ಉಲ್ಟಾ ಮಾಡಿ ಅಂತ. ಯಾವ ಕಾಗದ, ಯಾವ ಥರ ಪ್ರಿಂಟು ಅನ್ನೋದು ಮೊದ್ಲು ಗಟ್ಟಿಯಾಗ್ಲಿ, ಅದು ಹೊರೋ ಅಷ್ಟು ಗೆರೆ ಇರೋ ಫಾಂಟ್ ಆಮೇಲೆ ಹುಡುಕಿ. ಮನೇಲೇ ಕೂತು ಲ್ಯಾಪ್‌ಟಾಪಲ್ಲಿ ತಮ್ಮನ ಮದುವೆ ಪತ್ರಿಕೆ ಡಿಸೈನ್ ಮಾಡ್ತಿರೋರಿಗೂ, ಹೊಸದಾಗಿ ಡಿಟಿಪಿ ಕಲೀತಿರೋರಿಗೂ ಆಗೋ ಹಂಗೆ ಬರೆದಿದೀನಿ.

ಪ್ರೆಸ್ಸಲ್ಲಿ ಕೇಳ್ಬೇಕಾಗಿರೋದು

ಪ್ರೆಸ್ಸಿಗೆ ಹೋಗಿ ಅಥವಾ ಫೋನ್ ಮಾಡಿ ಮೂರು ವಿಷಯ ಕೇಳಿ. ಸ್ಕ್ರೀನ್ ಪ್ರಿಂಟಾ, ಆಫ್‌ಸೆಟ್ಟಾ, ಡಿಜಿಟಲ್ಲಾ, ಫಾಯಿಲ್ಲಾ? ಕಾಗದ ನುಣುಪಾ, ಇಲ್ಲಾ ಬಟ್ಟೆ ನೇಯ್ಗೆ ಥರ ಗೀಟುಗೀಟು ಇರೋ ಟೆಕ್ಸ್ಚರ್ ಕಾರ್ಡಾ? ಅಕ್ಷರ ತಿಳಿ ಕಾಗದದ ಮೇಲೆ ಗಾಢ ಬಣ್ಣದಲ್ಲಿ ಬರತ್ತಾ, ಇಲ್ಲಾ ಗಾಢ ಬಣ್ಣದ ಒಳಗೆ ಕಾಗದ ಬಿಟ್ಟು ರಿವರ್ಸ್ ಬರತ್ತಾ?

ಯಾಕೆ ಇಷ್ಟೊಂದು ಅಂದ್ರೆ ಪ್ರತಿಯೊಂದಕ್ಕೂ ಇಷ್ಟಕ್ಕಿಂತ ತೆಳು ಗೆರೆ ನಿಲ್ಲಲ್ಲ ಅಂತ ಒಂದು ಮಿತಿ ಇದೆ. ನಾನು ಇಟ್ಕೊಂಡಿರೋ ಲೆಕ್ಕ ಹೇಳ್ತೀನಿ. ಆಫ್‌ಸೆಟ್‌ನಲ್ಲಿ ನುಣುಪು ಕಾಗದ ಆದ್ರೆ 0.25 ಪಾಯಿಂಟ್ ಗೆರೆ ನಿಲ್ಲತ್ತೆ, ಅಂದ್ರೆ ಸುಮಾರು 0.09 ಮಿಲಿಮೀಟರ್. ಡಿಜಿಟಲ್‌ಗೂ ಫಾಯಿಲ್‌ಗೂ 0.5 ಪಾಯಿಂಟ್ ಇಟ್ಕೊಳ್ಳಿ. ಸ್ಕ್ರೀನ್ ಪ್ರಿಂಟ್‌ಗೆ 0.5 ಅನ್ನೋದು ಅಂಚಿನ ಮೇಲೆ ನಡೆಯೋ ಕೆಲಸ, ಆಪರೇಟರ್ ಚೆನ್ನಾಗಿದ್ರೆ ಬರತ್ತೆ, 1 ಪಾಯಿಂಟ್ ಹತ್ರ ಇದ್ರೆ ನಿಶ್ಚಿಂತೆ. ರಿವರ್ಸ್ ಅಕ್ಷರ ಆದ್ರೆ ಇದರ ಡಬಲ್ ಇಡಿ, ಯಾಕಂದ್ರೆ ಇಂಕು ಎರಡೂ ಕಡೆಯಿಂದ ಒಳಗೆ ಹರಡಿ ತೆಳು ಗೆರೆನ ನುಂಗಿಬಿಡತ್ತೆ. ಟೆಕ್ಸ್ಚರ್ ಕಾರ್ಡಿಗೂ ಅಷ್ಟೇ, ಗೀಟಿನ ಹಳ್ಳಕ್ಕೆ ಇಂಕು ಸರಿಯಾಗಿ ಇಳಿಯಲ್ಲ, ಕೂದಲೆಳೆ ಗೆರೆ ಆದ್ರೆ ಚುಕ್ಕಿ ಚುಕ್ಕಿಯಾಗತ್ತೆ.

ಸ್ಕ್ರೀನ್ ಪ್ರಿಂಟ್‌ನಲ್ಲಿ ಗೆರೆ ಹೋಗೋದು ಬಹಳ ಸಲ ಮೆಶ್ ಅನ್ನೋ ಆ ಜಾಲರಿ ಬಟ್ಟೆಲಲ್ಲ, ಅದಕ್ಕಿಂತ ಮುಂಚೆನೇ. ಸ್ಕ್ರೀನ್‌ಗೆ ಇಳಿಸೋಕೆ ಅಂತ ಮ್ಯಾಟರ್‌ನ ಲೇಸರ್ ಪ್ರಿಂಟರ್‌ನಲ್ಲಿ ಟ್ರೇಸಿಂಗ್ ಪೇಪರ್ ಮೇಲೆ ತೆಗೀತಾರಲ್ಲ, ಪ್ರಿಂಟರ್ 600 ಡಿಪಿಐ, ಅಂದ್ರೆ ಇಂಚಿಗೆ 600 ಚುಕ್ಕಿ, ಆದ್ರೆ 0.25 ಪಾಯಿಂಟ್ ಗೆರೆಗೆ ಸಿಗೋದು ಬರೀ ಎರಡು ಚುಕ್ಕಿ ಅಗಲ, ಅದರಲ್ಲಿ ಓರೆ ಗೆರೆ ಬೇರೆ, ಒಂದು ಚುಕ್ಕಿ ಬಿಟ್ರೆ ಅಲ್ಲೇ ಕಟ್. ಟ್ರೇಸಿಂಗ್ ಕೈಗೆ ಬಂದ ತಕ್ಷಣ ಕಿಟಕಿ ಬೆಳಕಿಗೆ ಹಿಡಿದು ಹೆಸರುಗಳನ್ನ ನೋಡಿ, ಅಲ್ಲಿ ಕಟ್ ಆಗಿದ್ರೆ ಕಾರ್ಡಲ್ಲೂ ಕಟ್ಟೇ.

ಫಾಂಟ್‌ಗಳಲ್ಲಿ ಎರಡು ಜಾತಿ

ಸ್ಕ್ರಿಪ್ಟ್ ಫಾಂಟ್ ಅಂದ್ರೆ ಎಲ್ಲಾ ಒಂದೇ ಅಂದ್ಕೋಬೇಡಿ. ಫಾರ್ಮಲ್ ಕೆಲಸಕ್ಕೆ ಬರೋದ್ರಲ್ಲಿ ಮುಖ್ಯವಾಗಿ ಎರಡು ಥರ ಇದೆ, ಎರಡೂ ಹುಟ್ಟಿದ್ದು ಬೇರೆ ಬೇರೆ ಪೆನ್ನಿಂದ.

ಮೊದಲನೇದು ಚೂಪು ನಿಬ್ಬಿಂದು. ನಿಬ್ಬಿನ ತುದಿ ಸೀಳಿರತ್ತೆ, ಕೆಳಗೆ ಎಳೆಯುವಾಗ ಒತ್ತಿದ್ರೆ ಬಾಯಿ ಬಿಟ್ಕೊಂಡು ದಪ್ಪ ಗೆರೆ ಬರತ್ತೆ, ಮೇಲಕ್ಕೆ ಹೋಗುವಾಗ ಕೈ ಹಗುರ ಮಾಡಿದ್ರೆ ಕೂದಲೆಳೆ. 1700ರ ಆಸುಪಾಸಲ್ಲಿ ಇಂಗ್ಲೆಂಡಿನಲ್ಲಿ ಬರವಣಿಗೆ ಕಲಿಸೋ ಮೇಷ್ಟ್ರುಗಳ ಕೈಲಿ ಇದು ಬೆಳೀತು, ಅವರ ಮಾದರಿ ಹಾಳೆಗಳನ್ನ ತಾಮ್ರದ ತಗಡಿನ ಮೇಲೆ ಕೆತ್ತಿ ಅಚ್ಚು ಹಾಕ್ತಿದ್ರು, ಕಾಪರ್‌ಪ್ಲೇಟ್ ಅನ್ನೋ ಹೆಸರು ಬಂದಿದ್ದು ಹಂಗೆ. ಆ ಮೇಷ್ಟ್ರುಗಳಲ್ಲಿ ಒಬ್ಬ ಚಾರ್ಲ್ಸ್ ಸ್ನೆಲ್, ಅವನ ಬರಹ ಇಟ್ಕೊಂಡು 1960ರ ದಶಕದಲ್ಲಿ ಮ್ಯಾಥ್ಯೂ ಕಾರ್ಟರ್ ಮಾಡಿದ್ದೇ ಸ್ನೆಲ್ ರೌಂಡ್‌ಹ್ಯಾಂಡ್. ಎಡ್ವರ್ಡಿಯನ್ ಸ್ಕ್ರಿಪ್ಟ್, ಕುನ್‌ಸ್ಟ್ಲರ್ ಸ್ಕ್ರಿಪ್ಟ್, ಪ್ಯಾಲೇಸ್ ಸ್ಕ್ರಿಪ್ಟ್, ಅಡೋಬಿಯ ಬಿಕ್‌ಹ್ಯಾಮ್ ಸ್ಕ್ರಿಪ್ಟ್ ಇವೆಲ್ಲಾ ಇದೇ ವಂಶ. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗೋ ಪಿನ್ಯಾನ್ ಸ್ಕ್ರಿಪ್ಟ್ ಕೂಡ. ಗಮನಿಸ್ಬೇಕಾದ್ದು ಏನಂದ್ರೆ, ತಾಮ್ರದ ತಗಡಿನಲ್ಲಿ ಉಳಿ ಎಷ್ಟು ಸಣ್ಣಗೆ ಗೀರಿದ್ರೂ ಗೆರೆ ನಿಲ್ಲತ್ತೆ, ನಮ್ಮ ಮೆಶ್ ಬಟ್ಟೆಲಿ ನಿಲ್ಲಲ್ಲ. ಈ ಅಕ್ಷರಗಳ ಅಂದ ಇರೋದೇ ಆ ದಪ್ಪ ತೆಳು ವ್ಯತ್ಯಾಸದಲ್ಲಿ, ನಮಗೆ ತೊಂದ್ರೆ ಕೊಡೋದೂ ಅದೇ.

ಎರಡನೇದು ಚಪ್ಪಟೆ ನಿಬ್ಬಿಂದು, ಚಾನ್ಸರಿ ಅಂತಾರೆ. ಇಲ್ಲಿ ಒತ್ತಡ ಲೆಕ್ಕಕ್ಕಿಲ್ಲ, ನಿಬ್ಬು ಯಾವ ಕೋನದಲ್ಲಿ ಹಿಡಿದಿದೀರ ಅನ್ನೋದ್ರ ಮೇಲೆ ದಪ್ಪ ತೆಳು ಆಗತ್ತೆ, ಅಕ್ಷರ ಹೆಚ್ಚಾಗಿ ಒಂದಕ್ಕೊಂದು ಅಂಟಿರಲ್ಲ, ತೆಳು ಗೆರೆನೂ ಅಷ್ಟೊಂದು ತೆಳು ಇರಲ್ಲ. ಹರ್ಮನ್ ಜಾಪ್ ಮಾಡಿದ ಜಾಪ್ ಚಾನ್ಸರಿ 1979ರದ್ದು, ಮ್ಯಾಕ್ ಕಂಪ್ಯೂಟರ್ ಇರೋರಿಗೆ ಗೊತ್ತಿರೋ ಜಾಪ್‌ಫೀನೋನೂ ಅವರದ್ದೇ, 1998ರದ್ದು. ಎಂ.ಎಸ್. ಆಫೀಸ್ ಹಾಕಿರೋ ಬಹಳಷ್ಟು ಕಂಪ್ಯೂಟರ್‌ನಲ್ಲಿ ಮೊನೊಟೈಪ್ ಕೊರ್ಸಿವಾ ಇರತ್ತೆ, ಸ್ಕೂಲ್ ಡೇ ಸರ್ಟಿಫಿಕೇಟ್‌ಗಳಲ್ಲೆಲ್ಲಾ ನೋಡಿರ್ತೀರ. ಅದನ್ನ ಕಂಡ್ರೆ ಡಿಸೈನರ್‌ಗಳು ಮೂಗು ಮುರೀತಾರೆ, ನಿಜ, ಆದ್ರೆ ಸ್ಕ್ರೀನ್ ಪ್ರಿಂಟ್‌ನಲ್ಲಿ 18 ಪಾಯಿಂಟ್‌ಗೂ ಸ್ವಚ್ಛವಾಗಿ ಬರೋ ಸ್ಕ್ರಿಪ್ಟ್ ಅದು, ಬಜೆಟ್ ಕಾರ್ಡಿಗೆ ನಾನಂತೂ ಈಗ್ಲೂ ಹಾಕ್ತೀನಿ.

ಟ್ಯಾಂಜರೀನ್ ಅಂತ ಗೂಗಲ್ ಫಾಂಟ್ಸ್‌ನಲ್ಲಿ ಇನ್ನೊಂದು ಚಾನ್ಸರಿ ಇದೆ, ಸ್ಕ್ರೀನ್ ಮೇಲೆ ತುಂಬಾ ನಾಜೂಕು. ಅದರ ಸಣ್ಣ ಅಕ್ಷರಗಳ ಎತ್ತರ ಬಹಳ ಕಮ್ಮಿ, 40 ಪಾಯಿಂಟ್ ಕೊಟ್ರೂ ಬೇರೆ ಫಾಂಟ್‌ನ 20ರ ಥರ ಕಾಣತ್ತೆ. ಬಳಸೋದಾದ್ರೆ ಅದರ ಬೋಲ್ಡ್ ತಗೊಳ್ಳಿ. ಫಾಂಟ್ ಜೊತೆಗೇ ಬಂದಿರೋ ಬೋಲ್ಡ್ ಬೇರೆ, ವರ್ಡ್‌ನಲ್ಲಿ ಬಿ ಬಟನ್ ಒತ್ತಿ ಮಾಡೋ ಬೋಲ್ಡ್ ಬೇರೆ, ಬೋಲ್ಡ್ ಫೈಲೇ ಇಲ್ಲದ ಫಾಂಟಿಗೆ ಆ ಬಟನ್ ಒತ್ತಿದ್ರೆ ಅಕ್ಷರದ ಹೊಟ್ಟೆಗಳೆಲ್ಲಾ ಮುಚ್ಕೊಂಡು ಕೊಳಕಾಗತ್ತೆ.

ಹಾಗಾಗಿ ಲೆಕ್ಕ ಹಿಂಗೆ: ನುಣುಪು ಕಾಗದ, ಆಫ್‌ಸೆಟ್, ದೊಡ್ಡ ಹೆಸರು ಅಂದ್ರೆ ಕಾಪರ್‌ಪ್ಲೇಟ್ ಜಾತಿ ಧೈರ್ಯವಾಗಿ ಹಾಕಿ. ಸ್ಕ್ರೀನ್ ಪ್ರಿಂಟ್, ಟೆಕ್ಸ್ಚರ್ ಕಾರ್ಡು, ಜಾಗ ಕಮ್ಮಿ ಅಂದ್ರೆ ಚಾನ್ಸರಿ ಕಡೆ ಬನ್ನಿ, ಇಲ್ಲಾ ಮಧ್ಯದಲ್ಲಿರೋ ಗ್ರೇಟ್ ವೈಬ್ಸ್, ಅಲೆಕ್ಸ್ ಬ್ರಷ್ ಥರದ್ದು ನೋಡಿ, ಅವೂ ಪುಕ್ಕಟೆನೇ.

ಲೈಸೆನ್ಸ್ ವಿಷಯ ಇಲ್ಲೇ ಮುಗಿಸ್ಬಿಡ್ತೀನಿ. ಗೂಗಲ್ ಫಾಂಟ್ಸ್‌ನಲ್ಲಿರೋದನ್ನ ದುಡ್ಡು ತಗೊಂಡು ಮಾಡೋ ಕೆಲಸಕ್ಕೂ ಬಳಸಬಹುದು. ಬೇರೆ ಸೈಟ್‌ಗಳಲ್ಲಿ ಪರ್ಸನಲ್ ಯೂಸ್ ಮಾತ್ರ ಫ್ರೀ ಅಂತ ಬರೆದಿರೋದನ್ನ ಅಂಗಡಿ ಕೆಲಸಕ್ಕೆ ಹಾಕಂಗಿಲ್ಲ. ಸ್ವಂತ ತಮ್ಮನ ಮದುವೆಗೆ ಮನೇಲಿ ಮಾಡ್ಕೊಳ್ಳೋದು ಬೇರೆ, ಗಿರಾಕಿಗೆ ಬಿಲ್ ಮಾಡೋದು ಬೇರೆ.

ಹೆಸರು ಟೈಪ್ ಮಾಡಿ ನೋಡಿ, ಬೇರೇನೂ ಬೇಡ

ಫಾಂಟ್ ಪ್ರಿವ್ಯೂನಲ್ಲಿ ಚೆನ್ನಾಗಿ ಕಾಣೋ ಹಂಗೆ ಅವರೇ ಅಕ್ಷರ ಆರಿಸಿ ಹಾಕಿರ್ತಾರೆ, ಅದನ್ನ ನಂಬ್ಬೇಡಿ. ನಿಮಗೆ ಬೇಕಾಗಿರೋ ಎರಡು ಹೆಸರನ್ನೇ ಟೈಪ್ ಮಾಡಿ ನಾಕೈದು ಫಾಂಟ್‌ನಲ್ಲಿ ಒಂದರ ಕೆಳಗೆ ಒಂದು ಇಡಿ. ಸ್ಕ್ರಿಪ್ಟ್‌ನಲ್ಲಿ ಮೊದಲನೇ ದೊಡ್ಡ ಅಕ್ಷರನೇ ಮುಕ್ಕಾಲು ಕೆಲಸ ಮಾಡೋದು, ಒಂದು ಫಾಂಟ್‌ನಲ್ಲಿ ಎನ್ ಅದ್ಭುತವಾಗಿರತ್ತೆ ಅದೇ ಫಾಂಟ್‌ನಲ್ಲಿ ಎಚ್ ಅಸಹ್ಯ ಇರತ್ತೆ, ಹುಡುಗಿ ನಂದಿನಿ ಹುಡುಗ ಹೇಮಂತ್ ಆದ್ರೆ ಎರಡೂ ಹೊಂದೋದನ್ನ ಹುಡುಕ್ಬೇಕು.

ಕಾಪರ್‌ಪ್ಲೇಟ್ ಜಾತಿಲಿ ಟಿ ಮತ್ತು ಎಫ್, ಐ ಮತ್ತು ಜೆ, ಎಸ್ ಮತ್ತು ಎಲ್ ಒಂದಕ್ಕೊಂದು ಹೋಲೋ ಫಾಂಟ್‌ಗಳಿವೆ. ತೇಜಸ್ ಅನ್ನೋ ಹುಡುಗನ ಹೆಸರನ್ನ ನೆಂಟರು ಫೇಜಸ್ ಅಂತ ಓದಿದ್ರೆ ಚೆನ್ನಾಗಿರಲ್ಲ. ಮದುವೆ ಬಗ್ಗೆ ಏನೂ ಗೊತ್ತಿಲ್ದೇ ಇರೋರ ಕೈಗೆ ಕೊಟ್ಟು ಓದಿಸಿ, ಪಕ್ಕದ ಅಂಗಡಿಯವರಾದ್ರೂ ಪರ್ವಾಗಿಲ್ಲ, ತಡವರಿಸಿದ್ರೆ ಫಾಂಟ್ ಬದಲಾಯಿಸಿ.

ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿ ಹೆಸರು ಹಾಕೋದಂತೂ ಬೇಡ್ವೇ ಬೇಡ. ಸ್ಕ್ರಿಪ್ಟ್ ಕ್ಯಾಪಿಟಲ್‌ಗಳನ್ನ ಒಂದರ ಪಕ್ಕ ಒಂದು ನಿಲ್ಲಿಸಕ್ಕೆ ಅಂತ ಮಾಡಿಲ್ಲ, ಪ್ರತಿಯೊಂದೂ ಸುರುಳಿ ಬಿಟ್ಕೊಂಡು ಪಕ್ಕದ್ದರ ಮೇಲೆ ಬೀಳತ್ತೆ.

ಇಲ್ಲಿ ನಮ್ಮ ಕಡೆ ಹೆಸರುಗಳದ್ದೇ ಒಂದು ಸಮಸ್ಯೆ ಇದೆ, ಇನಿಷಿಯಲ್ಲು. ಊರಿಂದೊಂದು ಅಪ್ಪಂದೊಂದು ಇನಿಷಿಯಲ್ ಇಲ್ಲದ ಹೆಸರು ಅಪರೂಪ, ಮೂರು ಇನಿಷಿಯಲ್ ಇರೋರೂ ಇದಾರೆ. ಇನಿಷಿಯಲ್ ಅಂದ್ರೆ ಕ್ಯಾಪಿಟಲ್ಲು, ಮೂರು ಸುರುಳಿ ಕ್ಯಾಪಿಟಲ್ ಆದ ಮೇಲೆ ಹೆಸರಿನ ಕ್ಯಾಪಿಟಲ್ಲು, ಅಲ್ಲಿಗೆ ಹೆಸರು ಓದೋಕೆ ಮುಂಚೆ ಕಾಡು ದಾಟಿದಂಗಾಗತ್ತೆ. ಜೊತೆಗೆ ಬಿ.ಇ., ಎಂ.ಟೆಕ್., ಎಂ.ಎಸ್ಸಿ. ಬೇರೆ. ದಾರಿ ಏನು ಅಂದ್ರೆ ಸ್ಕ್ರಿಪ್ಟ್‌ನಲ್ಲಿ ಕರೆಯೋ ಹೆಸರು ಮಾತ್ರ ಹಾಕಿ, ಅದರ ಕೆಳಗೆ ಪುಟ್ಟದಾಗಿ ಸಾದಾ ಸೆರಿಫ್ ಫಾಂಟ್‌ನಲ್ಲಿ (ಪುಸ್ತಕದ ಅಕ್ಷರದ ಥರ ಗೆರೆ ತುದಿಗೆ ಸಣ್ಣ ಮೊಳೆ ಇರೋದು) ಪೂರ್ತಿ ಹೆಸರು, ಇನಿಷಿಯಲ್, ಡಿಗ್ರಿ ಎಲ್ಲಾ ಬರ್ಲಿ. ಹಿರಿಯರು ಇನಿಷಿಯಲ್ ಬಿಡೋ ಹಂಗೇ ಇಲ್ಲ ಅಂತ ಹಟ ಹಿಡಿದ್ರೆ ಇನಿಷಿಯಲ್‌ನ ಅದೇ ಸಾಲಲ್ಲಿ ಸೆರಿಫ್‌ನಲ್ಲಿ ಅರ್ಧ ಸೈಜಿಗೆ ಇಟ್ಟು ಹೆಸರು ಸ್ಕ್ರಿಪ್ಟ್‌ನಲ್ಲಿ ಹಾಕಿ, ಅದೂ ನೋಡೋಕೆ ಚೆನ್ನಾಗೇ ಇರತ್ತೆ.

ಎರಡು ಹೆಸರಿನ ನಡುವೆ ವೆಡ್ಸ್ ಅನ್ನೋದನ್ನ ಹೆಸರಷ್ಟೇ ದೊಡ್ಡದಾಗಿ ಹಾಕ್ಬೇಡಿ. ಅದರ ಬದಲು ಆಂಪರ್ಸ್ಯಾಂಡ್ (&) ಚಿಹ್ನೆ ಹಾಕಿ ನೋಡಿ, ಸುಮಾರು ಸ್ಕ್ರಿಪ್ಟ್ ಫಾಂಟ್‌ಗಳಲ್ಲಿ ಮಾಡಿದೋರು ಜಾಸ್ತಿ ಆಸೆಯಿಂದ ಬರೆದಿರೋ ಅಕ್ಷರನೇ ಅದು.

ಗೆರೆ ಅಳೆಯೋ ವಿಧಾನ

ಈ ಕೆಲಸ ಐದು ನಿಮಿಷದ್ದು, ಮಾಡೋರು ಕಮ್ಮಿ. ಕೋರಲ್‌ಡ್ರಾ, ಇಲ್ಲಸ್ಟ್ರೇಟರ್, ಇಂಕ್‌ಸ್ಕೇಪ್ ಥರದ ಯಾವ ಡಿಸೈನ್ ಸಾಫ್ಟ್‌ವೇರ್ ಆದ್ರೂ ಸರಿ. ಹೆಸರನ್ನ ಕಾರ್ಡಿಗೆ ಬರೋ ನಿಜವಾದ ಸೈಜಿಗೆ ಇಡಿ. ಪಕ್ಕದಲ್ಲಿ ಒಂದು ಗೆರೆ ಎಳೆದು ಅದರ ದಪ್ಪ ನಿಮ್ಮ ಪ್ರೆಸ್‌ನ ಮಿತಿಗೆ ಸೆಟ್ ಮಾಡಿ, ಉದಾಹರಣೆಗೆ 0.5 ಪಾಯಿಂಟ್. ಈಗ ಆ ಗೆರೆನ ಎಳ್ಕೊಂಡು ಹೋಗಿ ಹೆಸರಿನ ಅತೀ ತೆಳು ಜಾಗದ ಪಕ್ಕ ಇಟ್ಟು ಜೂಮ್ ಮಾಡಿ. ಸಾಮಾನ್ಯವಾಗಿ ಎರಡು ಅಕ್ಷರ ಸೇರೋ ಕಡೆ, ಇಲ್ಲಾ ಕ್ಯಾಪಿಟಲ್‌ನ ಸುರುಳಿ ತುದಿಲಿ ಅತೀ ತೆಳು ಇರತ್ತೆ. ಅಕ್ಷರದ ಗೆರೆ ನಿಮ್ಮ ಗೆರೆಗಿಂತ ತೆಳು ಇದ್ರೆ ಈ ಸೈಜಲ್ಲಿ ಈ ಫಾಂಟು ಈ ಪ್ರೆಸ್‌ಗೆ ಆಗಲ್ಲ, ಅಷ್ಟೇ.

ಹಂಗಂತ ಫಾಂಟ್ ಬಿಟ್ಟೇಬಿಡ್ಬೇಕು ಅಂತಿಲ್ಲ, ಅಕ್ಷರ ದೊಡ್ಡದಾದ್ರೆ ಗೆರೆನೂ ಅದೇ ಲೆಕ್ಕದಲ್ಲಿ ದಪ್ಪ ಆಗತ್ತೆ. 24 ಪಾಯಿಂಟ್ ಸೈಜಲ್ಲಿ ತೆಳು ಗೆರೆ 0.2 ಪಾಯಿಂಟ್ ಇದೆ, ನಿಮಗೆ 0.5 ಬೇಕು ಅಂದ್ರೆ ಎರಡೂವರೆ ಪಟ್ಟು ಮಾಡಿ, 60 ಪಾಯಿಂಟ್. 60 ಪಾಯಿಂಟ್ ಹೆಸರಿಗೆ ಕಾರ್ಡಲ್ಲಿ ಜಾಗ ಇದ್ಯಾ? ಇದ್ರೆ ಹಾಕಿ. ಇಲ್ಲ ಅಂದ್ರೆ ಫಾಂಟ್ ಬದಲಾಯಿಸಿ.

ಇನ್ನೊಂದು ಪ್ರೆಸ್ ಕಡೆಯವರ ಉಪಾಯ ಇದೆ, ಹೆಸರನ್ನ ಕರ್ವ್ಸ್ ಮಾಡಿ, ಅಂದ್ರೆ ಅಕ್ಷರನ ಬರೀ ಆಕಾರ ಮಾಡಿ, ಅದೇ ಬಣ್ಣದ ಔಟ್‌ಲೈನ್ ಕೊಡೋದು. 0.2 ಪಾಯಿಂಟ್ ಔಟ್‌ಲೈನ್ ಕೊಟ್ರೆ ಗೆರೆಯ ಎರಡೂ ಬದಿಗೆ ಅರ್ಧರ್ಧ ಸೇರಿ ಒಟ್ಟು 0.2 ದಪ್ಪ ಆಗತ್ತೆ, ದಪ್ಪ ಗೆರೆಗೆ ಅದು ಕಾಣೋದೇ ಇಲ್ಲ ಆದ್ರೆ ತೆಳು ಗೆರೆ ಬದುಕ್ಕೊಳ್ಳತ್ತೆ. ಇದಕ್ಕಿಂತ ಜಾಸ್ತಿ ಕೊಡೋಕೆ ಹೋಗ್ಬೇಡಿ, ಅಕ್ಷರದ ಒಳಗಿನ ಕಿಂಡಿಗಳು ಮುಚ್ಕೊಳ್ಳೋಕೆ ಶುರುವಾಗತ್ತೆ.

ಮುಟ್ಟಬಾರದ್ದು

ಸ್ಕ್ರಿಪ್ಟ್ ಫಾಂಟ್‌ನ ಅಕ್ಷರಗಳ ನಡುವಿನ ಜಾಗ, ಅಂದ್ರೆ ಟ್ರ್ಯಾಕಿಂಗ್, ಸೊನ್ನೆಯಲ್ಲೇ ಇರ್ಲಿ. ಒಂದಕ್ಕೊಂದು ಕೈ ಹಿಡ್ಕೊಂಡಿರೋ ಅಕ್ಷರಗಳು ಅವು, ಸ್ವಲ್ಪ ಎಳೆದ್ರೂ ಕೈ ಬಿಟ್ಟು ಹೋಗತ್ತೆ. ಸಾಲನ್ನ ಎರಡೂ ಬದಿಗೆ ಸಮ ಮಾಡೋ ಫುಲ್ ಜಸ್ಟಿಫೈ ಒತ್ತಿದ್ರೂ ಇದೇ ಗತಿ. ಉದ್ದುದ್ದ ಎಳೆಯೋದು, ಅಡ್ಡಡ್ಡ ಹಿಗ್ಗಿಸೋದು ಕೂಡ ಬೇಡ, ಹಿಗ್ಗಿಸಿದ ಕ್ಷಣಕ್ಕೆ ಪೆನ್ನಿನ ಲೆಕ್ಕ ತಪ್ಪತ್ತೆ, ನೋಡೋರಿಗೆ ಏನು ಅಂತ ಹೇಳೋಕೆ ಬರದಿದ್ರೂ ಏನೋ ಸರಿ ಇಲ್ಲ ಅನ್ಸತ್ತೆ.

ಸುರುಳಿ ಎಷ್ಟು ಹಾಕ್ಬೇಕು

ಒಳ್ಳೆ ಸ್ಕ್ರಿಪ್ಟ್ ಫಾಂಟ್‌ಗಳ ಒಳಗೆ ಒಂದೊಂದು ಅಕ್ಷರಕ್ಕೆ ಹಲವು ರೂಪ ಅಡಗಿರತ್ತೆ. ಬಿಕ್‌ಹ್ಯಾಮ್, ಜಾಪ್‌ಫೀನೋ ಇವೆಲ್ಲಾ ಅದಕ್ಕೇ ಹೆಸರುವಾಸಿ. ಇಲ್ಲಸ್ಟ್ರೇಟರ್‌ನಲ್ಲಿ ಟೈಪ್ ಮೆನುವಿನ ಗ್ಲಿಫ್ಸ್ ಪ್ಯಾನೆಲ್ ತೆಗೆದ್ರೆ ಎಲ್ಲಾ ಕಾಣತ್ತೆ, ಇಂಕ್‌ಸ್ಕೇಪ್‌ನಲ್ಲಿ ಟೆಕ್ಸ್ಟ್ ಅಂಡ್ ಫಾಂಟ್ ಒಳಗೆ ಫೀಚರ್ಸ್ ಅಂತ ಟ್ಯಾಬ್ ಇದೆ, ವರ್ಡ್‌ನಲ್ಲಿ ಫಾಂಟ್ ಬಾಕ್ಸ್‌ನ ಅಡ್ವಾನ್ಸ್ಡ್ ಒಳಗೆ ಸ್ಟೈಲಿಸ್ಟಿಕ್ ಸೆಟ್ಸ್ ಅಂತ ಇರತ್ತೆ. ಕಾಂಟೆಕ್ಸ್ಚುವಲ್ ಆಲ್ಟರ್ನೇಟ್ಸ್ ಅನ್ನೋದು ಯಾವಾಗ್ಲೂ ಆನ್ ಇರ್ಲಿ, ಅಕ್ಷರ ಅಕ್ಷರ ಸೇರೋ ಕಡೆ ಸರಿಯಾದ ರೂಪ ತರೋದು ಅದೇ. ಸ್ವಾಶ್ ಅನ್ನೋ ಉದ್ದ ಸುರುಳಿ ಬಾಲದ ರೂಪನ ಮಾತ್ರ ಇಡೀ ಹೆಸರಿಗೆ ಆನ್ ಮಾಡ್ಬೇಡಿ, ಒಂದೊಂದು ಅಕ್ಷರ ಸೆಲೆಕ್ಟ್ ಮಾಡಿ ಕೊಡಿ.

ಎಷ್ಟು ಅಂದ್ರೆ, ಮೇಲಿನ ಹೆಸರಿನ ಮೊದಲನೇ ಅಕ್ಷರಕ್ಕೆ ಒಂದು, ಕೆಳಗಿನ ಹೆಸರಿನ ಕೊನೇ ಅಕ್ಷರಕ್ಕೆ ಒಂದು. ಮೇಲೆ ಎಡದಿಂದ ಶುರುವಾಗಿ ಕೆಳಗೆ ಬಲಕ್ಕೆ ಮುಗಿಯತ್ತೆ, ಕಣ್ಣು ಸರಾಗವಾಗಿ ಇಳಿಯತ್ತೆ. ನಡುವೆ ಎಲ್ಲಾದ್ರೂ ಎರಡು ಸಾಲಿನ ಗೆರೆಗಳು ಮುಟ್ಟೋ ಹಂಗಿದ್ರೆ ಎರಡೇ ದಾರಿ, ಇಲ್ಲಾ ನೀಟಾಗಿ ಒಂದರ ಮೇಲೊಂದು ಹಾದು ಹೋಗ್ಲಿ, ಇಲ್ಲಾ ದೂರ ಸರೀಲಿ, ತಾಗಿಯೂ ತಾಗದಂಗೆ ಇಟ್ರೆ ಪ್ರಿಂಟ್‌ನಲ್ಲಿ ಇಂಕು ಅಂಟ್ಕೊಂಡು ಮಚ್ಚೆ ಕಾಣತ್ತೆ.

ಕಾರ್ಡಿನ ನಾಲ್ಕು ಮೂಲೆಗೆ ಸುರುಳಿ ಬಳ್ಳಿ ಹಾಕೋ ಆಸೆ ಎಲ್ರಿಗೂ ಇರತ್ತೆ. ಆ ಮೂಲೆಗಳಿಗೆ ಮನೇಲಿ ಅರಿಶಿನ ಕುಂಕುಮ ಹಚ್ತಾರೆ ಅನ್ನೋದು ನೆನಪಿರ್ಲಿ, ಒದ್ದೆ ಬೆರಳು ಬೀಳೋ ಜಾಗ ಅದು. ಅಂಚಿಂದ ಒಂದು ಬೆರಳು ಅಗಲ ಖಾಲಿ ಬಿಟ್ರೆ ಅರಿಶಿನನೂ ಚೆನ್ನಾಗಿ ಕಾಣತ್ತೆ, ಡಿಸೈನೂ ಕೆಡಲ್ಲ.

ಪಕ್ಕದಲ್ಲಿ ಕನ್ನಡ, ಕೆಲವು ಸಲ ತೆಲುಗೂ

"ಇದೇ ಸ್ಟೈಲಲ್ಲಿ ಕನ್ನಡನೂ ಕೊಡಿ" ಅಂತ ಕೇಳ್ತಾರೆ. ಈ ಫಾಂಟ್‌ಗಳ ಒಳಗೆ ಕನ್ನಡ ಅಕ್ಷರಗಳೇ ಇಲ್ಲ, ಯೂನಿಕೋಡ್ ಕನ್ನಡ, ಅಂದ್ರೆ ಮೊಬೈಲಲ್ಲಿ ಟೈಪ್ ಮಾಡೋ ಥರದ ಕನ್ನಡ, ಸೆಲೆಕ್ಟ್ ಮಾಡಿ ಗ್ರೇಟ್ ವೈಬ್ಸ್ ಕೊಟ್ರೆ ಕಂಪ್ಯೂಟರ್ ತನ್ನ ಪಾಡಿಗೆ ತುಂಗಾನೋ ನಿರ್ಮಲಾನೋ ತನ್ನಲ್ಲಿರೋ ಕನ್ನಡ ಫಾಂಟ್ ಹಾಕಿ ಕೂರತ್ತೆ. ಹಾಗಂತ ಕನ್ನಡನ ಓರೆ ಮಾಡಿ ಇಂಗ್ಲಿಷಿನ ಜೊತೆ ಹೊಂದಿಸೋಕೆ ಹೋಗ್ಬೇಡಿ. ಇಟಾಲಿಕ್ ಬಟನ್ ಒತ್ತಿ ವಾಲಿಸಿದ ಕನ್ನಡದಲ್ಲಿ ಒತ್ತಕ್ಷರ ಪಕ್ಕಕ್ಕೆ ಜಾರಿ ಮುಂದಿನ ಅಕ್ಷರದ ಕಾಲಿಗೆ ತಗಲತ್ತೆ. ಕನ್ನಡ ನೇರವಾಗಿ ನಿಂತಿರ್ಲಿ, ಅದು ಮೊದ್ಲೇ ಗುಂಡಗಿದೆ, ಇಂಗ್ಲಿಷಿನ ಸುರುಳಿಗೆ ತಾನಾಗೇ ಹೊಂದತ್ತೆ.

ಆರಿಸೋದು ಯಾವುದು ಅಂದ್ರೆ, ಗೆರೆಲಿ ದಪ್ಪ ತೆಳು ಇರೋ ಕನ್ನಡ ಫಾಂಟು. ನೋಟೋ ಸೆರಿಫ್ ಕನ್ನಡ, ಟಿರೋ ಕನ್ನಡ, ಬೆಣ್ಣೆ ಈ ಮೂರೂ ಗೂಗಲ್ ಫಾಂಟ್ಸ್‌ನಲ್ಲಿವೆ, ಲಗ್ನಪತ್ರಿಕೆ ಗಾಂಭೀರ್ಯಕ್ಕೆ ನನಗೆ ಟಿರೋ ಇಷ್ಟ. ಬಾಲೂ ತಮ್ಮ ಅನ್ನೋ ಫಾಂಟ್ ಚೆನ್ನಾಗಿದೆ ಆದ್ರೆ ದಪ್ಪಗೆ ಮುದ್ದು ಮುದ್ದಾಗಿದೆ, ನಾಮಕರಣಕ್ಕೆ, ಹುಟ್ಟುಹಬ್ಬಕ್ಕೆ ಸರಿ. ನುಡಿ, ಶ್ರೀಲಿಪಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟ್‌ಗಳಲ್ಲೂ ಒಳ್ಳೊಳ್ಳೆ ಅಕ್ಷರ ಇದೆ, ಅಂಗಡಿಗಳಲ್ಲಿ ಇನ್ನೂ ಅವೇ ಓಡೋದು. ಎಡವಟ್ಟು ಆಗೋದು ಎಲ್ಲಿ ಅಂದ್ರೆ ಗಿರಾಕಿ ವಾಟ್ಸಾಪಲ್ಲಿ ಯೂನಿಕೋಡ್ ಮ್ಯಾಟರ್ ಕಳಿಸ್ತಾರೆ, ಅಂಗಡಿಲಿ ಅದನ್ನ ಹಳೇ ಎನ್‌ಕೋಡಿಂಗ್‌ಗೆ ಕನ್ವರ್ಟ್ ಮಾಡ್ತಾರೆ, ಅರ್ಕಾವತ್ತು, ವಟ್ರಸುಳಿ, ಎರಡೆರಡು ಒತ್ತು ಇರೋ ಅಕ್ಷರ ಅಲ್ಲೇ ಕೆಡೋದು. ಸೂರ್ಯ, ಕೃಷ್ಣ, ಲಕ್ಷ್ಮೀ, ಸೌಭಾಗ್ಯವತಿ ಈ ಪದಗಳನ್ನ ಕನ್ವರ್ಟ್ ಆದ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ನೋಡಿ.

ಯೂನಿಕೋಡ್‌ನಲ್ಲೇ ಮಾಡ್ತೀನಿ ಅಂದ್ರೆ ಸಾಫ್ಟ್‌ವೇರ್ ಸೆಟ್ಟಿಂಗ್ ಬೇಕು. ಇಲ್ಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ಒಳಗೆ ಇಂಡಿಕ್ ಆಪ್ಷನ್ಸ್ ಟಿಕ್ ಮಾಡಿ, ಆಮೇಲೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಲ್ಲಿ ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಶಿಯನ್ ಕಂಪೋಸರ್ ಆರಿಸಿ, ಇನ್‌ಡಿಸೈನ್‌ನಲ್ಲಿ ಅದಕ್ಕೆ ವರ್ಲ್ಡ್ ರೆಡಿ ಕಂಪೋಸರ್ ಅಂತ ಹೆಸರು. ಇದು ಮಾಡದಿದ್ರೆ ಒತ್ತಕ್ಷರ ಕೆಳಗೆ ಇಳಿಯಲ್ಲ, ಚಿಕ್ಕಬಳ್ಳಾಪುರ ಅನ್ನೋದು ಚಿಕ್ ಕಬಳ್ ಳಾಪುರ ಆಗಿ ಬಿದ್ದಿರತ್ತೆ. ಇಂಕ್‌ಸ್ಕೇಪ್‌ನಲ್ಲಿ ಈ ತಲೆನೋವು ಇಲ್ಲ.

ಸಾಲುಗಳ ನಡುವಿನ ಅಂತರ ಕನ್ನಡಕ್ಕೆ ಜಾಸ್ತಿ ಬೇಕು, ಅಕ್ಷರ ಸೈಜಿನ 140ರಿಂದ 150 ಪರ್ಸೆಂಟ್ ಇಡಿ. ಇಲ್ಲಾಂದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದತ್ತೆ.

ಬಾಗೇಪಲ್ಲಿ, ಗೌರಿಬಿದನೂರು, ಚಿಂತಾಮಣಿ ಕಡೆ ಸಂಬಂಧಗಳಿಗೆ ತೆಲುಗು ಪುಟನೂ ಬೇಕಾಗತ್ತೆ, ಹಿಂದೂಪುರ, ಮದನಪಲ್ಲಿ ಕಡೆ ನೆಂಟರಿರ್ತಾರೆ. ಆಗ ಕನ್ನಡಕ್ಕೊಂದು ತೆಲುಗಿಗೊಂದು ಅಂತ ಬೇರೆ ಬೇರೆ ಮನೆತನದ ಫಾಂಟ್ ಹಾಕ್ಬೇಡಿ. ನೋಟೋ ಸೆರಿಫ್ ಎರಡಕ್ಕೂ ಇದೆ, ಟಿರೋ ಎರಡಕ್ಕೂ ಇದೆ, ಒಂದೇ ಕುಟುಂಬದ್ದು ಹಾಕಿದ್ರೆ ಎದುರುಬದುರು ಪುಟ ಒಂದೇ ಕೈ ಬರೆದಂಗೆ ಕಾಣತ್ತೆ. ಇಂಗ್ಲಿಷ್ ಸ್ಕ್ರಿಪ್ಟ್ ಮಾತ್ರ ಮುಖಪುಟದಲ್ಲೇ ಇರ್ಲಿ, ಒಳಗೆ ಬೇಡ.

ಒಳಗಡೆ ವಿಳಾಸ, ಮುಹೂರ್ತ, ಆರತಕ್ಷತೆ ಟೈಮು, ಛತ್ರದ ಹೆಸರು ಇವನ್ನ ಯಾವ ಕಾರಣಕ್ಕೂ ಸ್ಕ್ರಿಪ್ಟ್‌ನಲ್ಲಿ ಹಾಕ್ಬೇಡಿ. ಶಿಡ್ಲಘಟ್ಟದಿಂದ ಬಸ್ಸಲ್ಲಿ ಬರೋರು ಅಲುಗಾಡೋ ಕೈಲಿ ಛತ್ರದ ಹೆಸರು ಓದ್ಬೇಕು.

ಬಣ್ಣ

ತೆಳು ಗೆರೆಗೆ ಒಂದೇ ಇಂಕು, ಪೂರ್ತಿ 100 ಪರ್ಸೆಂಟ್. 60 ಪರ್ಸೆಂಟ್ ಮೆರೂನ್ ಅಂತೆಲ್ಲಾ ಟಿಂಟ್ ಕೊಟ್ರೆ ಪ್ರಿಂಟ್‌ನಲ್ಲಿ ಅದು ಚುಕ್ಕಿಗಳಾಗತ್ತೆ, ಕೂದಲೆಳೆ ಗೆರೆ ಚುಕ್ಕಿಯಾದ್ರೆ ಉಳಿಯೋದೇನು? ಹಾಗೇ ಆಫ್‌ಸೆಟ್‌ನಲ್ಲಿ ಮೂರ್ನಾಲ್ಕು ಬಣ್ಣ ಬೆರೆಸಿ ಮಾಡಿದ ಬಣ್ಣನ ಸ್ಕ್ರಿಪ್ಟ್‌ಗೆ ಕೊಡ್ಬೇಡಿ, ರಿಜಿಸ್ಟ್ರೇಶನ್, ಅಂದ್ರೆ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರೋದು, ಒಂದು ಎಳೆ ತಪ್ಪಿದ್ರೂ ಹೆಸರಿನ ಪಕ್ಕ ಇನ್ನೊಂದು ನೆರಳು ಬರತ್ತೆ. ಕ್ರೀಮ್ ಕಾಗದದ ಮೇಲೆ ಬಂಗಾರದ ಇಂಕು ಮೊಬೈಲ್ ಫೋಟೋದಲ್ಲಿ ಚಂದ, ಸಂಜೆ ಟ್ಯೂಬ್‌ಲೈಟ್ ಕೆಳಗೆ ಕಾಣಲ್ಲ. ಹೆಸರು ಮಾತ್ರ ಬಂಗಾರ, ಮಿಕ್ಕಿದ್ದು ಗಾಢ ಮೆರೂನೋ ಕಂದೋ ಇರ್ಲಿ.

ಫೈಲ್ ಕೊಡೋ ಮುಂಚೆ: ಕರ್ವ್ಸು, ವೆಲ್ಡು

ಪ್ರೆಸ್‌ನವರ ಕಂಪ್ಯೂಟರ್‌ನಲ್ಲಿ ನಿಮ್ಮ ಫಾಂಟ್ ಇರಲ್ಲ, ಅದಕ್ಕೆ ಅಕ್ಷರನ ಆಕಾರ ಮಾಡಿ ಕಳಿಸ್ಬೇಕು. ಕೋರಲ್‌ನಲ್ಲಿ ಕಂಟ್ರೋಲ್ ಕ್ಯೂ, ಇಲ್ಲಸ್ಟ್ರೇಟರ್‌ನಲ್ಲಿ ಕಂಟ್ರೋಲ್ ಶಿಫ್ಟ್ ಓ, ಇಂಕ್‌ಸ್ಕೇಪ್‌ನಲ್ಲಿ ಕಂಟ್ರೋಲ್ ಶಿಫ್ಟ್ ಸಿ. ಮಾಡೋ ಮುಂಚೆ ಟೈಪ್ ಇರೋ ಫೈಲ್ ಬೇರೆ ಹೆಸರಲ್ಲಿ ಸೇವ್ ಮಾಡಿ, ಕರ್ವ್ಸ್ ಆದ ಮೇಲೆ ಸ್ಪೆಲಿಂಗ್ ತಿದ್ದೋಕಾಗಲ್ಲ.

ಸ್ಕ್ರಿಪ್ಟ್ ಫಾಂಟಿಗೆ ಇದರ ಮೇಲೆ ಇನ್ನೊಂದು ಹೆಜ್ಜೆ ಇದೆ, ಬಹಳ ಜನ ಬಿಡೋದೂ ಇದನ್ನೇ. ಅಂಟಿದಂಗೆ ಕಾಣೋ ಅಕ್ಷರಗಳು ನಿಜಕ್ಕೂ ಒಂದಾಗಿರಲ್ಲ, ಒಂದರ ಬಾಲ ಇನ್ನೊಂದರ ಮೇಲೆ ಕೂತಿರತ್ತೆ ಅಷ್ಟೇ. ಕರ್ವ್ಸ್ ಮಾಡಿ ಎಲ್ಲಾನೂ ಕಂಬೈನ್ ಮಾಡಿದ್ರೆ ಆ ಒಂದರ ಮೇಲೊಂದು ಬಿದ್ದ ಜಾಗ ತೂತಾಗಿ ಬಿಳಿ ಕಾಣಬಹುದು. ಪ್ಲಾಟರ್‌ನಲ್ಲಿ ವಿನೈಲ್ ಕಟ್ ಮಾಡಿಸೋದಾದ್ರೆ, ಅಕ್ರಿಲಿಕ್ ಲೇಸರ್ ಕಟಿಂಗ್ ಆದ್ರೆ, ಛತ್ರದ ಸ್ಟೇಜ್ ಹಿಂದೆ ಥರ್ಮಕೋಲ್‌ನಲ್ಲಿ ಹೆಸರು ಕತ್ತರಿಸಿ ಹಾಕ್ತಾರಲ್ಲ ಅದಾದ್ರೆ ಇನ್ನೂ ಕಷ್ಟ, ಬ್ಲೇಡು ಪ್ರತಿ ಜೋಡಣೆಲೂ ಗೆರೆ ಕೊಯ್ದು ಹೆಸರು ತುಂಡು ತುಂಡಾಗತ್ತೆ. ಅದಕ್ಕೆ ಎಲ್ಲಾ ಅಕ್ಷರನೂ ಒಂದೇ ಆಕಾರವಾಗಿ ಬೆಸೀಬೇಕು, ಕೋರಲ್‌ನಲ್ಲಿ ವೆಲ್ಡ್, ಇಲ್ಲಸ್ಟ್ರೇಟರ್‌ನ ಪಾತ್‌ಫೈಂಡರ್‌ನಲ್ಲಿ ಯುನೈಟ್, ಇಂಕ್‌ಸ್ಕೇಪ್‌ನಲ್ಲಿ ಪಾತ್ ಮೆನುವಿನ ಯೂನಿಯನ್. ಮಾಡಿದ ಮೇಲೆ ಔಟ್‌ಲೈನ್ ವ್ಯೂನಲ್ಲಿ ನೋಡಿ, ಹೆಸರಿನ ಒಳಗೆ ಅಡ್ಡ ಗೆರೆ ಒಂದೂ ಉಳಿದಿರಬಾರದು. ಇಂಗ್ಲಿಷ್ ಐ ಮೇಲಿನ ಚುಕ್ಕಿ ಮಾತ್ರ ಬೇರೆ ತುಂಡಾಗೇ ಇರತ್ತೆ, ಅಕ್ರಿಲಿಕ್ ಆದ್ರೆ ಅದನ್ನ ಒಂದು ಸಣ್ಣ ಗೆರೆಯಿಂದ ಅಕ್ಷರಕ್ಕೆ ಸೇರಿಸಿ ಅಥವಾ ಹಿಂದೆ ಬ್ಯಾಕಿಂಗ್ ಶೀಟ್ ಹಾಕಿಸಿ.

ಕನ್ನಡದಲ್ಲೇ ಕೈಬರಹ ಬೇಕು ಅಂದ್ರೆ

ನನ್ನ ಕೇಳಿದ್ರೆ ದುಡ್ಡು ಸ್ವಲ್ಪ ಇರೋರು, ಟೈಮ್ ಇರೋರು ಮಾಡ್ಬೇಕಾದ್ದು ಇದು. ಊರಲ್ಲಿ ಬೋರ್ಡ್ ಬರೆಯೋರು, ಸನ್ಮಾನಪತ್ರ ಬರೆಯೋರು, ಡ್ರಾಯಿಂಗ್ ಮೇಷ್ಟ್ರು ಒಬ್ಬರಾದ್ರೂ ಇದ್ದೇ ಇರ್ತಾರೆ, ಅವರ ಕೈಲಿ ಎರಡು ಹೆಸರು ಬರೆಸಿ. ಕಟ್ ನಿಬ್ ಪೆನ್ನು ಅಥವಾ ಬ್ರಷ್ಷು, ಗಟ್ಟಿ ಕಪ್ಪು ಇಂಡಿಯನ್ ಇಂಕು, ನುಣುಪು ಬಿಳಿ ಕಾಗದ. ಕಾರ್ಡಿಗೆ ಬೇಕಾದ ಸೈಜಿಗಿಂತ ಒಂದೂವರೆ ಎರಡು ಪಟ್ಟು ದೊಡ್ಡದಾಗಿ ಬರೆಸಿ, ಚಿಕ್ಕದು ಮಾಡಿದಾಗ ಅಂಚಿನ ಒರಟು ಮುಚ್ಚಿಹೋಗತ್ತೆ. ನಾಕು ಪಟ್ಟು ದೊಡ್ಡದಾಗಿ ಬರೆಸಿದ್ರೆ ಇಳಿಸಿದಾಗ ತೆಳು ಗೆರೆನೂ ಕಾಲು ಭಾಗಕ್ಕೆ ಇಳಿದು ಮತ್ತೆ ಅದೇ ಪ್ರೆಸ್ ಸಮಸ್ಯೆಗೆ ಬರ್ತೀರ. ಒಂದೇ ಹೆಸರನ್ನ ಹತ್ತು ಸಲ ಬರೆಸಿ, ಕೈ ಬಿಸಿ ಆದ ಮೇಲೆ ಬರೋದೇ ಚೆನ್ನಾಗಿರೋದು.

ಅದನ್ನ 600 ಡಿಪಿಐಗೆ ಸ್ಕ್ಯಾನ್ ಮಾಡಿ, ಮೊಬೈಲ್ ಫೋಟೋ ಬೇಡ, ಮೂಲೆ ವಾಲತ್ತೆ. ಕಪ್ಪು ಬಿಳುಪು ಕಾಂಟ್ರಾಸ್ಟ್ ಏರಿಸಿ ಇಂಕ್‌ಸ್ಕೇಪ್‌ನ ಟ್ರೇಸ್ ಬಿಟ್‌ಮ್ಯಾಪ್, ಕೋರಲ್‌ನ ಪವರ್‌ಟ್ರೇಸ್, ಇಲ್ಲಸ್ಟ್ರೇಟರ್‌ನ ಇಮೇಜ್ ಟ್ರೇಸ್ ಯಾವುದರಲ್ಲಾದ್ರೂ ಟ್ರೇಸ್ ಮಾಡಿ. ಸ್ಮೂತ್ ಅನ್ನೋದನ್ನ ಪೂರ್ತಿ ಏರಿಸ್ಬೇಡಿ, ನಿಬ್ಬು ಎತ್ತಿದ ಕಡೆ ಇರೋ ಚೂಪು ಅಂಚು ಹೋಗ್ಬಿಡತ್ತೆ, ಕೈಬರಹ ಅಂತ ಗೊತ್ತಾಗೋದೇ ಅದರಿಂದ. ಆಮೇಲೆ ಮೇಲೆ ಹೇಳಿದ ಗೆರೆ ಅಳತೆ ಇದಕ್ಕೂ ಮಾಡಿ. ಇಂಥ ಕನ್ನಡ ಹೆಸರು ಮುಖಪುಟದಲ್ಲಿ ಇದ್ರೆ ಇಂಗ್ಲಿಷ್ ಸ್ಕ್ರಿಪ್ಟ್ ಬೇಕು ಅಂತ ಬಂದ ಹುಡುಗ ಹುಡುಗಿನೂ ಅದನ್ನ ಮರೆತುಬಿಡ್ತಾರೆ.

ಮಿಕ್ಕಿದ್ದು ಚುಟುಕಾಗಿ

ವಾಟ್ಸಾಪ್ ಕಾರ್ಡ್ ಬೇರೆ ಮಾಡಿ, ಪ್ರಿಂಟ್ ಫೈಲ್‌ನ ಸ್ಕ್ರೀನ್‌ಶಾಟ್ ಕಳಿಸ್ಬೇಡಿ. 1080 ಅಗಲ 1920 ಎತ್ತರ ಪಿಕ್ಸೆಲ್ ಇಟ್ಟು ಹೆಸರು ಅಗಲದ ಮುಕ್ಕಾಲು ಭಾಗ ಬರೋ ಹಂಗೆ ಹಾಕಿ. ಫೋಟೋ ಅಂತ ಕಳಿಸಿದ್ರೆ ವಾಟ್ಸಾಪ್ ಒತ್ತಿ ಕುಗ್ಗಿಸತ್ತೆ, ತೆಳು ಗೆರೆ ಮಸುಕಾಗತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ.

ಸರ್ಟಿಫಿಕೇಟ್, ಸನ್ಮಾನಪತ್ರಕ್ಕೆ ಸ್ಕ್ರಿಪ್ಟ್ ತಲೆಬರಹದ ಒಂದು ಸಾಲಿಗೆ ಸಾಕು. ಹೆಸರುಗಳನ್ನ ಕಂಪ್ಯೂಟರ್‌ನಲ್ಲೇ ತುಂಬೋದಾದ್ರೆ ಲಿಸ್ಟಲ್ಲಿ ಅತೀ ಉದ್ದದ ಹೆಸರು ಹಾಕಿ ಸೈಜ್ ಫಿಕ್ಸ್ ಮಾಡಿ, ಆಮೇಲೆ ಮಿಕ್ಕಿದ್ದು. ರೇಷ್ಮೆ ಸೀರೆ ಅಂಗಡಿ ಬೋರ್ಡಿಗೆ, ಬಿ.ಬಿ. ರೋಡಿನ ಫ್ಲೆಕ್ಸಿಗೆ ಸ್ಕ್ರಿಪ್ಟ್ ಬೇಡ, ಓಡೋ ಬಸ್ಸಿಂದ ಯಾರೂ ಸುರುಳಿ ಬಿಡಿಸ್ಕೊಂಡು ಓದಲ್ಲ. ಅಂಗಡಿ ಕ್ಯಾರಿಬ್ಯಾಗಿಗೆ, ವಿಸಿಟಿಂಗ್ ಕಾರ್ಡಿಗೆ ಆದ್ರೆ ಚೆನ್ನಾಗಿರತ್ತೆ.

ಕೊನೇ ಪ್ರೂಫ್ ಮೊಬೈಲಲ್ಲಿ ತೋರಿಸಿ ಓಕೆ ಮಾಡಿಸ್ಕೋಬೇಡಿ. ಜೂಮ್ ಮಾಡಿದ್ರೆ ಎಲ್ಲಾ ಗೆರೆನೂ ದಪ್ಪಗೇ ಕಾಣತ್ತೆ. ನಿಜವಾದ ಸೈಜಿಗೆ, ಆಗೋದಾದ್ರೆ ಅದೇ ಕಾರ್ಡಿನ ಮೇಲೆ ಒಂದು ಪ್ರಿಂಟ್ ತೆಗೆದು, ಮನೇಲಿ ಕನ್ನಡಕ ಹಾಕೋ ಹಿರಿಯರ ಕೈಲಿ ಹೆಸರು, ತಾರೀಕು, ವಾರ ಮೂರನ್ನೂ ಜೋರಾಗಿ ಓದಿಸಿ, ಪಂಚಾಂಗದ ಜೊತೆ ವಾರ ತಾಳೆ ನೋಡಿಸಿ, ಆ ಕಾಗದದ ಮೇಲೇ ಎರಡೂ ಕಡೆಯವರ ಸೈನ್ ಹಾಕಿಸ್ಕೊಂಡು ಆಮೇಲೆ ಸ್ಕ್ರೀನ್ ಎಕ್ಸ್‌ಪೋಸ್ ಮಾಡೋಕೆ, ಅಂದ್ರೆ ಟ್ರೇಸಿಂಗ್‌ನಿಂದ ಅಕ್ಷರನ ಮೆಶ್ ಮೇಲೆ ಇಳಿಸೋಕೆ, ಹೇಳಿ.